‘9999999 ಇನ್ 1’ ಕ್ಯಾಸೆಟ್ಟಿನಲ್ಲಿ ನಿಜಕ್ಕೂ ಏನಿದೆ? ಹಳೆಯ ಟಿವಿ ಗೇಮ್, ಹೊಸ ಟಿವಿ

ಪ್ರಶ್ನೆ: ಅಟ್ಟ ಖಾಲಿ ಮಾಡುವಾಗ 90ರ ದಶಕದ ಟಿವಿ ಗೇಮ್ ಒಂದು ಸಿಕ್ಕಿತು. ಜೊತೆಗೆ ‘9999999 ಇನ್ 1’ ಎಂದು ಬರೆದ ಹಳದಿ ಕ್ಯಾಸೆಟ್, ಎರಡು ಜಾಯ್‌ಸ್ಟಿಕ್, ಒಂದು ಗನ್. ಅಡಾಪ್ಟರ್ ಕಾಣೆಯಾಗಿದೆ. ಮನೆಯಲ್ಲಿರುವುದು ಎಲ್‌ಇಡಿ ಟಿವಿ. ಇದನ್ನು ಜೋಡಿಸಲು ಸಾಧ್ಯವೇ? ಗನ್ ಕೆಲಸ ಮಾಡುತ್ತದೆಯೇ? 10 ವರ್ಷದ ಮಗಳಿಗೆ ಮೊದಲು ಯಾವ ಆಟ ತೋರಿಸಲಿ? ಇವೆಲ್ಲ ಗೇಮಿಂಗ್ ಚರಿತ್ರೆಯ ದೊಡ್ಡ ಆಟಗಳು ಅನ್ನುತ್ತಾರೆ. ನಿಜವೇ, ಅಥವಾ ಚಿಕ್ಕಂದಿನಲ್ಲಿ ಆಡಿದ್ದೇವೆಂಬ ಮಮಕಾರವೇ?
ಒಬ್ಬ ಓದುಗರು, ಹನುಮಂತನಗರ, ಬೆಂಗಳೂರು

ಉತ್ತರ: ಜೋಡಿಸಬಹುದು. ಗನ್ ಮಾತ್ರ ಎಲ್‌ಇಡಿ ಟಿವಿಯಲ್ಲಿ ನಡೆಯುವುದಿಲ್ಲ, ಕಾರಣ ಮುಂದೆ ಹೇಳುತ್ತೇವೆ. ಕೊನೆಯ ಪ್ರಶ್ನೆಗೆ ಅರ್ಧ ಹೌದು, ಅರ್ಧ ಇಲ್ಲ. ಆ ಕ್ಯಾಸೆಟ್ಟಿನಲ್ಲಿ ಚರಿತ್ರೆ ಬದಲಿಸಿದ ಆಟಗಳಿವೆ. ಆದರೆ ಅವು ಅಲ್ಲಿ ಸೇರಿದ್ದು ಆ ಕಾರಣಕ್ಕಲ್ಲ, ಗಾತ್ರ ಚಿಕ್ಕದಿದ್ದ ಕಾರಣಕ್ಕೆ.

ಮೊದಲು ಕರೆಂಟಿನ ವಿಷಯ. ಯಂತ್ರ ಸುಟ್ಟುಹೋಗುವುದು ಇಲ್ಲೇ. ಮನೆಯಲ್ಲಿ ಬಿದ್ದಿರುವ ಯಾವುದೋ ಅಡಾಪ್ಟರ್ ತಂದು ಚುಚ್ಚಬೇಡಿ. ನಿಮ್ಮ ಯಂತ್ರ ಜಪಾನಿನ ನಿಂಟೆಂಡೊ ಕಂಪನಿಯ ಫ್ಯಾಮಿಕಾಮ್ ಎಂಬ ಟಿವಿ ಗೇಮಿನ ನಕಲು. ಈ ಬಗೆಯವು ಸಾಮಾನ್ಯವಾಗಿ 9 ವೋಲ್ಟ್ ಡಿಸಿ ಬೇಡುತ್ತವೆ. ಮೂಲ ಫ್ಯಾಮಿಕಾಮ್‌ನಲ್ಲಿ ಪಿನ್ನಿನ ನಡುಭಾಗ ನೆಗೆಟಿವ್, ಹೊರಸುತ್ತು ಪಾಸಿಟಿವ್. ಅಂದರೆ ಇಂದಿನ ರೂಟರ್ ಅಡಾಪ್ಟರುಗಳಿಗೆ ಉಲ್ಟಾ. ನಕಲು ಯಂತ್ರಗಳಲ್ಲಿ ಎರಡೂ ಬಗೆ ಇವೆ. ಸಾಕೆಟ್ ಪಕ್ಕದಲ್ಲಿ ಗುರುತು ಇಲ್ಲದಿದ್ದರೆ ತಳದ ಸ್ಕ್ರೂ ಬಿಚ್ಚಿ ನೋಡಿ. ಒಳಗೆ ಮೂರು ಕಾಲಿನ, ಲೋಹದ ಬೆನ್ನಿನ 7805 ರೆಗ್ಯುಲೇಟರ್, ಅಂದರೆ ಬಂದ ವೋಲ್ಟನ್ನು 5ಕ್ಕೆ ಇಳಿಸುವ ಬಿಡಿಭಾಗ, ಕಾಣಬೇಕು. ಅದರ ನಡುವಿನ ಕಾಲು ಗ್ರೌಂಡ್. ಮಲ್ಟಿಮೀಟರನ್ನು ಕಂಟಿನ್ಯುಯಿಟಿಗೆ ಇಟ್ಟು, ಪವರ್ ಸಾಕೆಟ್ಟಿನ ಯಾವ ತುದಿ ಆ ಕಾಲಿಗೆ ಸೇರುತ್ತದೆ ಎಂದು ನೋಡಿದರೆ ಅದೇ ನೆಗೆಟಿವ್. ಎರಡೂ ಸೇರದೆ, ನಡುವೆ ನಾಲ್ಕು ಡಯೋಡ್ ಕಂಡರೆ ಬ್ರಿಜ್ ಇದೆ ಎಂದರ್ಥ. ಆಗ ಹೇಗೆ ಚುಚ್ಚಿದರೂ ನಡೆಯುತ್ತದೆ.

ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆಯಾದ ಎಸ್‌ಪಿ ರೋಡಿನಲ್ಲಿ 9 ವೋಲ್ಟ್, 1 ಆಂಪ್‌ನ ಎಸ್‌ಎಂಪಿಎಸ್ (ಹಗುರವಾದ ಹೊಸ ಬಗೆಯ) ಅಡಾಪ್ಟರ್ ಸುಲಭವಾಗಿ ಸಿಗುತ್ತದೆ. ಆಂಪ್ ಹೆಚ್ಚಿದ್ದರೆ ತೊಂದರೆಯಿಲ್ಲ, ವೋಲ್ಟ್ ಹೆಚ್ಚಿದ್ದರೆ ತೊಂದರೆ. ಯಂತ್ರ 400 ಮಿಲಿಆಂಪ್ ಎಳೆಯುತ್ತದೆ ಎಂದಿಟ್ಟುಕೊಳ್ಳಿ. 9 ವೋಲ್ಟ್ ಕೊಟ್ಟರೆ 7805 ಮೇಲಿನ 4 ವೋಲ್ಟನ್ನು ಬಿಸಿಯಾಗಿ ಕಳೆಯಬೇಕು, ಅದು 1.6 ವಾಟ್. 12 ವೋಲ್ಟ್ ಕೊಟ್ಟರೆ 2.8 ವಾಟ್. ಚಿಕ್ಕ ಅಲ್ಯೂಮಿನಿಯಂ ತಗಡಿಗೆ ಅದು ಹೆಚ್ಚಾಯಿತು. ಅರ್ಧ ಗಂಟೆಯಲ್ಲಿ ಚಿತ್ರ ಕಲಸಿಹೋಗಿ ಆಟ ನಿಲ್ಲುವುದು ಸಾಮಾನ್ಯವಾಗಿ ಇದರಿಂದ. ಹಳೆಯ ಟ್ರಾನ್ಸ್‌ಫಾರ್ಮರ್ ಅಡಾಪ್ಟರುಗಳ ಮೇಲೆ 9 ಎಂದು ಬರೆದಿದ್ದರೂ ಲೋಡ್ ಇಲ್ಲದಾಗ 12, 13 ವೋಲ್ಟ್ ತೋರಿಸುತ್ತವೆ, ಅವನ್ನು ಬಿಟ್ಟುಬಿಡಿ. ಆನ್ ಮಾಡಿದ ಮೇಲೆ 7805ರ ಔಟ್‌ಪುಟ್ ಕಾಲಿನಲ್ಲಿ 4.9ರಿಂದ 5.1 ವೋಲ್ಟ್ ಬರಬೇಕು. ಚಿತ್ರದಲ್ಲಿ ಅಡ್ಡ ಪಟ್ಟಿಗಳು ನಿಧಾನವಾಗಿ ಉರುಳುತ್ತಿದ್ದರೆ ಫಿಲ್ಟರ್ ಕೆಪಾಸಿಟರ್ ಒಣಗಿದೆ. 1000 ಮೈಕ್ರೋಫ್ಯಾರಡ್, 25 ವೋಲ್ಟಿನದೊಂದನ್ನು ಹಾಕಿಸಿ.

ಇನ್ನು ಟಿವಿಗೆ ಜೋಡಣೆ. ಯಂತ್ರದ ಹಿಂದೆ ಹಳದಿ ಎವಿ ಸಾಕೆಟ್ ಇದ್ದರೆ ಅದನ್ನೇ ಬಳಸಿ. ಆಂಟೆನಾ ವೈರಿನ ದಾರಿಯಲ್ಲಿ ಚಿತ್ರ ಮಂಕಾಗುತ್ತದೆ. ಆಂಟೆನಾ ಬಿಟ್ಟು ಬೇರೆ ಗತಿ ಇಲ್ಲದಿದ್ದರೆ ಟಿವಿಯ ಅನಲಾಗ್ ಟ್ಯೂನಿಂಗ್‌ನಲ್ಲಿ ಹುಡುಕಿ. ಚಿತ್ರ ಬಂದು ಸದ್ದಿನ ಬದಲು ಬರೀ ಬುಸ್ಸೆಂದರೆ ಸೌಂಡ್ ಸಿಸ್ಟಮ್ ಅನ್ನು ಬಿ/ಜಿಗೆ ಬದಲಿಸಿ. ಹೊಸ ಟಿವಿಗಳಲ್ಲಿ ಹಳದಿ ಸಾಕೆಟ್ ಪ್ರತ್ಯೇಕವಾಗಿ ಇರದಿರಬಹುದು. ಹಸಿರು ಸಾಕೆಟ್ಟಿನ ಸುತ್ತ ಹಳದಿ ಉಂಗುರವಿದ್ದರೆ ಹಳದಿ ಪಿನ್ ಅಲ್ಲಿಗೆ. ಹೆಡ್‌ಫೋನ್ ತೂತಿನಂಥ 3.5 ಮಿಲಿಮೀಟರ್ ಎವಿ ಜ್ಯಾಕ್ ಇದ್ದರೆ ಟಿವಿ ಜೊತೆ ಬಂದ ಕೇಬಲ್ಲೇ ಒಳ್ಳೆಯದು. ಪೇಟೆಯ ಕೇಬಲ್ಲುಗಳಲ್ಲಿ ಒಳಗಿನ ಕ್ರಮ ಬೇರೆ ಬೇರೆ, ಚಿತ್ರ ಕೆಂಪು ಪಿನ್ನಿನಲ್ಲಿ ಬಂದರೂ ಬರಬಹುದು. ಚಿತ್ರ ಕಪ್ಪುಬಿಳುಪಾಗಿ ಬಂದರೆ ಕಲರ್ ಸಿಸ್ಟಮ್ ಅನ್ನು ಆಟೋದಿಂದ ತೆಗೆದು ಪಾಲ್ (ನಮ್ಮ ದೇಶದ ಟಿವಿ ಪದ್ಧತಿ), ಆಮೇಲೆ ಎನ್‌ಟಿಎಸ್‌ಸಿ (ಜಪಾನಿನದು) ಇಟ್ಟು ನೋಡಿ.

ಎವಿಯೇ ಇಲ್ಲದ ಟಿವಿಯಾದರೆ ಎವಿಯಿಂದ ಎಚ್‌ಡಿಎಂಐಗೆ ಬದಲಿಸುವ ಡಬ್ಬಿ ಬೇಕು. ನೋಡಲು ಹಾಗೇ ಇರುವ, ಎಚ್‌ಡಿಎಂಐಯಿಂದ ಎವಿಗೆ ಬದಲಿಸುವ ಡಬ್ಬಿಯೂ ಅದೇ ಅಂಗಡಿಯಲ್ಲಿರುತ್ತದೆ. ಮೇಲೆ ಬರೆದಿರುವುದನ್ನು ಓದಿಯೇ ದುಡ್ಡು ಕೊಡಿ. ಅಗ್ಗದ ಡಬ್ಬಿಗಳಲ್ಲಿ ಒಂದು ವಿಚಿತ್ರ ದೋಷ ಕಾಣುತ್ತದೆ: ಶತ್ರು ತಾಗಿದ ಮೇಲೆ ಮಾರಿಯೋ ಮಿಣುಕುವ ಬದಲು ಪೂರ್ತಿ ಮಾಯವಾಗಬಹುದು. ಆ ಮಿಣುಕು ಒಂದು ಫ್ರೇಮ್ (ಟಿವಿ ತೋರಿಸುವ ಒಂದೊಂದು ಬಿಡಿ ಚಿತ್ರ) ಬಿಟ್ಟು ಒಂದು ಫ್ರೇಮಿನಲ್ಲಿ ಬರುವಂಥದು. ಡಬ್ಬಿ ಎರಡೆರಡು ಫ್ರೇಮುಗಳನ್ನು ಒಂದೇ ಚಿತ್ರದ ಎರಡು ಭಾಗವೆಂದು ತಪ್ಪಾಗಿ ತಿಳಿಯುತ್ತದೆ. ಯಂತ್ರ ಕೆಟ್ಟಿಲ್ಲ. ಟಿವಿಯಲ್ಲಿ ಗೇಮ್ ಮೋಡ್ ಹಾಕಲು ಮರೆಯಬೇಡಿ. ಅದಿಲ್ಲದಿದ್ದರೆ ಬಟನ್ ಒತ್ತುವುದಕ್ಕೂ ಮಾರಿಯೋ ಹಾರುವುದಕ್ಕೂ ನಡುವೆ ಗೊತ್ತಾಗುವಷ್ಟು ಅಂತರ ಬಂದು, ಮಗಳು ‘ಈ ಆಟ ಕಷ್ಟ’ ಅನ್ನುತ್ತಾಳೆ. ತಪ್ಪು ಆಟದ್ದಲ್ಲ.

ಕ್ಯಾಸೆಟ್ಟಿಗೆ ಊದಬೇಡಿ. ಊದಿದ ಮೇಲೆ ನಡೆದದ್ದು ಉಸಿರಿನಿಂದಲ್ಲ, ತೆಗೆದು ಮತ್ತೆ ಹಾಕಿದ್ದರಿಂದ. ಎಂಜಲಿನ ತೇವ ತಾಮ್ರವನ್ನು ತಿನ್ನುತ್ತದೆ. ಮೊಬೈಲ್ ರಿಪೇರಿಯವರು ಬಳಸುವ ಐಪಿಎ, ಅಂದರೆ 99 ಪರ್ಸೆಂಟ್ ಐಸೊಪ್ರೊಪೈಲ್ ಆಲ್ಕೊಹಾಲ್ ತಂದು, ಕಿವಿಕಡ್ಡಿಯಲ್ಲಿ 60 ಪಿನ್ನುಗಳ ಎರಡೂ ಬದಿ ಒರೆಸಿ. ಕಡ್ಡಿ ಕಪ್ಪಾಗುವುದು ನಿಲ್ಲುವವರೆಗೆ ಹೊಸ ಕಡ್ಡಿ. ಹಸಿರು ಕಿಲುಬು ಹೋಗದಿದ್ದರೆ ಬಿಳಿ ರಬ್ಬರಿನಿಂದ ಮೆತ್ತಗೆ ಉಜ್ಜಿ, ಸ್ಯಾಂಡ್‌ಪೇಪರ್ ಬೇಡ. ಸ್ಲಾಟಿನ ಒಳಗೆ ತೆಳು ಕಾರ್ಡಿಗೆ ಬಟ್ಟೆ ಸುತ್ತಿ ಐಪಿಎ ಹಚ್ಚಿ ನಾಲ್ಕಾರು ಸಲ ಇಳಿಸಿ ಎತ್ತಿ. 10 ನಿಮಿಷ ಆರಲು ಬಿಡಿ.

ಜಾಯ್‌ಸ್ಟಿಕ್ಕಿನ ಬಟನ್ ಒತ್ತಿದರೂ ಹತ್ತದಿದ್ದರೆ ಬಿಚ್ಚಿ, ರಬ್ಬರಿನ ಅಡಿಯ ಕಪ್ಪು ಚುಕ್ಕಿಯನ್ನೂ ಬೋರ್ಡಿನ ಕಪ್ಪು ಜಾಲವನ್ನೂ ಹಗುರವಾಗಿ ಒರೆಸಿದರೆ ಸಾಕು. ಕೆರೆದರೆ ಕಾರ್ಬನ್ ಹೋಗಿ ಬಟನ್ ಶಾಶ್ವತವಾಗಿ ಸಾಯುತ್ತದೆ. ವೈರ್ ಮುರಿಯುವುದು ಹೆಚ್ಚಾಗಿ ಜಾಯ್‌ಸ್ಟಿಕ್ಕಿನ ಕತ್ತಿನಲ್ಲಿ. 5 ಸೆಂಟಿಮೀಟರ್ ಕತ್ತರಿಸಿ, ಬಣ್ಣದ ಕ್ರಮ ಬರೆದಿಟ್ಟುಕೊಂಡು ಐದೂ ವೈರನ್ನು ಮತ್ತೆ ಬೆಸುಗೆ ಹಾಕಬೇಕು.

ಇಷ್ಟಾದರೆ ಚಿತ್ರ ಬಂತು. ಈಗ ಆ 99,99,999 ಆಟಗಳ ವಿಚಾರ. ಪಟ್ಟಿಯ ಮೊದಲ ಒಂದೆರಡು ಪುಟ ನೋಡಿದರೆ ಸಾಕು, ಉಳಿದದ್ದು ಅವೇ. ಹೆಸರು ಬದಲಾಗಿರುತ್ತದೆ, ಅಥವಾ ಅದೇ ಮಾರಿಯೋ ಮೂರನೆಯ ವರ್ಲ್ಡಿನಿಂದ ಶುರುವಾಗುತ್ತದೆ. ಆದರೆ ಆ ಮೂಲ ಪಟ್ಟಿ ಗಮನಿಸಿ: ಸೂಪರ್ ಮಾರಿಯೋ, ಐಸ್ ಕ್ಲೈಂಬರ್, ಎಕ್ಸೈಟ್‌ಬೈಕ್, ಬ್ಯಾಟಲ್ ಸಿಟಿ, ರೋಡ್ ಫೈಟರ್, ಬಾಂಬರ್‌ಮ್ಯಾನ್, ಬಲೂನ್ ಫೈಟ್, ಗ್ಯಾಲಕ್ಸಿಯನ್, ಡಕ್ ಹಂಟ್. ಎಲ್ಲವೂ ಹೆಚ್ಚುಕಡಿಮೆ 1983ರಿಂದ 1986ರೊಳಗೆ ಫ್ಯಾಮಿಕಾಮ್‌ಗೆ ಬಂದವು.

ಕಾರಣ ಯಂತ್ರದ ಒಳಗಿದೆ. ಜಪಾನಿನಲ್ಲಿ 1983ರ ಜುಲೈ 15ರಂದು ಬಂದ ಫ್ಯಾಮಿಕಾಮ್‌ನ ಪ್ರೊಸೆಸರ್ ಕ್ಯಾಸೆಟ್ಟಿನಿಂದ ಒಂದು ಸಲಕ್ಕೆ ನೇರವಾಗಿ ಓದಬಲ್ಲದ್ದು 32 ಕಿಲೋಬೈಟ್ ಪ್ರೋಗ್ರಾಂ, ಚಿತ್ರದ ಚಿಪ್ ನೇರವಾಗಿ ಓದಬಲ್ಲದ್ದು 8 ಕಿಲೋಬೈಟ್ ಚಿತ್ರ. ಒಟ್ಟು 40. ಅದಕ್ಕಿಂತ ದೊಡ್ಡ ಆಟ ಬೇಕೆಂದರೆ ಕ್ಯಾಸೆಟ್ಟಿನಲ್ಲೇ ಬೇರೆ ಚಿಪ್ ಇಟ್ಟು ತುಂಡುತುಂಡಾಗಿ ಬದಲಿಸಿ ತೋರಿಸಬೇಕು. ನಕಲಿ ಕ್ಯಾಸೆಟ್ ಮಾಡುವವರಿಗೆ ಆ ಖರ್ಚು ಬೇಡವಾಗಿತ್ತು. ಒಂದು ದೊಡ್ಡ ಮೆಮೊರಿ ಚಿಪ್ಪನ್ನು 40 ಕಿಲೋಬೈಟಿನ ಕಿಟಕಿಗಳಾಗಿ ಹಂಚಿ, ಮೆನುವಿನಲ್ಲಿ ನೀವು ಒತ್ತಿದ ಸಂಖ್ಯೆಗೆ ತಕ್ಕ ಕಿಟಕಿ ತೆರೆಯುವ ಸರಳ ಸರ್ಕ್ಯೂಟ್ ಇಟ್ಟರು. ಹೀಗಾಗಿ ನಮ್ಮ ಮನೆಗಳಿಗೆ ಬಂದ ಆಟಗಳನ್ನು ಆಯ್ದದ್ದು ಯಾವ ವಿಮರ್ಶಕನೂ ಅಲ್ಲ, 40 ಕಿಲೋಬೈಟಿನ ಒಂದು ಜರಡಿ. ಜರಡಿಯಲ್ಲಿ ಇಳಿದದ್ದು ನಮಗೆ, ಮೇಲೆ ನಿಂತದ್ದು ನಮಗಿಲ್ಲ.

ನಕಲು ಇಷ್ಟು ಸುಲಭವಾದದ್ದಕ್ಕೂ ಕಾರಣವಿದೆ. 1983ರಲ್ಲಿ ಅಮೆರಿಕದ ವಿಡಿಯೋ ಗೇಮ್ ವ್ಯಾಪಾರ ನೆಲಕಚ್ಚಿತ್ತು. ಯಾರು ಬೇಕಾದರೂ ಕಳಪೆ ಆಟ ಮಾಡಿ ಮಾರಿದ್ದು ಅದಕ್ಕೊಂದು ಕಾರಣ. 1985ರಲ್ಲಿ ಅಲ್ಲಿಗೆ ಹೊರಟ ನಿಂಟೆಂಡೊ ತನ್ನ ಯಂತ್ರಕ್ಕೂ ಕ್ಯಾಸೆಟ್ಟಿಗೂ ಪರಸ್ಪರ ಗುರುತು ಹಿಡಿಯುವ ಬೀಗದ ಚಿಪ್ ಹಾಕಿತು. ನಮ್ಮ ಒಪ್ಪಿಗೆಯಿಲ್ಲದೆ ಯಾರೂ ಆಟ ಮಾರುವಂತಿಲ್ಲ, ಒಂದು ಕಂಪನಿ ವರ್ಷಕ್ಕೆ 5ಕ್ಕಿಂತ ಹೆಚ್ಚು ಆಟ ತರುವಂತಿಲ್ಲ ಎಂದು ಕರಾರು ಮಾಡಿತು. ಎರಡು ವರ್ಷ ಮೊದಲೇ ಬಂದಿದ್ದ ಜಪಾನಿನ 60 ಪಿನ್ ಫ್ಯಾಮಿಕಾಮ್‌ನಲ್ಲಿ ಆ ಬೀಗ ಇರಲಿಲ್ಲ. ನಕಲಿನವರು ಹಿಡಿದದ್ದು ಅದನ್ನೇ. ನಮ್ಮ ಅಭಿಪ್ರಾಯದಲ್ಲಿ ಇಂದಿನ ಸಮಾಜದ ಮೇಲೆ ಮಾರಿಯೋಗಿಂತ ಆ ಬೀಗದ ಪ್ರಭಾವವೇ ದೊಡ್ಡದು. ಫೋನಿನ ಆ್ಯಪ್ ಸ್ಟೋರಿನಲ್ಲಿ ಏನಿರಬೇಕು, ಯಾರಿಗೆ ಎಷ್ಟು ಪಾಲು ಎಂದು ಕಂಪನಿಯೇ ನಿರ್ಧರಿಸುವ ಪದ್ಧತಿಗೆ ದಾರಿ ಹಾಕಿದ್ದು ಅದು.

ಮಗಳಿಗೆ ಮೊದಲು ಮಾರಿಯೋ ತೋರಿಸಿ. 1985ರ ಸೆಪ್ಟೆಂಬರಿನ ಈ ಆಟ ಸರಿಯಾಗಿ ಆ 40 ಕಿಲೋಬೈಟನ್ನು ತುಂಬಿಸಿಕೊಂಡಿದೆ. ಫ್ಲಾಪಿ ಓದುವ ಹೊಸ ಉಪಕರಣ ಬರುವ ಮುಂಚೆ, ಬರೀ ಕ್ಯಾಸೆಟ್ಟಿನಲ್ಲಿ ಎಷ್ಟು ಸಾಧ್ಯವೋ ಅಷ್ಟನ್ನೂ ತುರುಕಿದ ಕೆಲಸ. ಮೋಡ ಮತ್ತು ಪೊದೆ ಒಂದೇ ಚಿತ್ರ, ಬಣ್ಣ ಮಾತ್ರ ಬೇರೆ ಎಂದು ತೋರಿಸಿದರೆ ಮಕ್ಕಳಿಗೆ ಬಲು ಖುಷಿ. ಆದರೆ ಕಲಿಯಬೇಕಾದದ್ದು 1-1ರ, ಅಂದರೆ ಮೊದಲ ವರ್ಲ್ಡಿನ ಮೊದಲ ಹಂತದ, ಜೋಡಣೆ. ನೀವು ಏನೂ ಹೇಳಿಕೊಡದೆ ಸುಮ್ಮನೆ ಕೂತು ನೋಡಿ. ಮೊದಲ ಶತ್ರು ಎದುರಿನಿಂದ ನಡೆದು ಬರುತ್ತದೆ; ಹಾರದಿದ್ದರೆ ಸಾವು, ಆದರೆ ಕಳೆದುಕೊಂಡದ್ದು ಮೂರೇ ಸೆಕೆಂಡ್. ಮುಂದೆ ಪ್ರಶ್ನೆ ಗುರುತಿನ ಇಟ್ಟಿಗೆ ಗುದ್ದಿದರೆ ಅಣಬೆ ಹೊರಬಂದು ಬಲಕ್ಕೆ ಉರುಳಿ, ಪೈಪಿಗೆ ಬಡಿದು ವಾಪಸ್ ಆಟಗಾರನ ಕಡೆಗೇ ಬರುತ್ತದೆ. ಶತ್ರುವೆಂದು ಹೆದರಿ ಹಾರಿದರೂ ಮೇಲಿನ ಇಟ್ಟಿಗೆಗೆ ತಲೆ ತಾಗಿ ಅದರ ಮೇಲೆಯೇ ಬೀಳುವ ಸಂಭವ ಹೆಚ್ಚು. ಹಂತದ ಕೊನೆಯಲ್ಲಿ ಎದುರುಬದುರು ಮೆಟ್ಟಿಲುಗಳ ಎರಡು ಜೋಡಿ ಇವೆ. ಮೊದಲ ಜೋಡಿಯ ನಡುವೆ ನೆಲವಿದೆ, ಬಿದ್ದರೂ ಸಾಯುವುದಿಲ್ಲ. ಎರಡನೆಯದರ ನಡುವೆ ಹೊಂಡ. ಒಂದು ಅಕ್ಷರ ಬರೆಯದೆ ಪಾಠ ಹೇಳುವ ಈ ಕ್ರಮವನ್ನು ಆಮೇಲೆ ಬಂದವರೆಲ್ಲ ಕದ್ದಿದ್ದಾರೆ.

ಎರಡು ಉಪಯುಕ್ತ ಸಂಗತಿ. ಟರ್ಬೋ ಬಟನ್ನುಗಳನ್ನು (ಒತ್ತಿ ಹಿಡಿದರೆ ತಾವೇ ಪಟಪಟನೆ ಒತ್ತಿಕೊಳ್ಳುವಂಥವು) ಬಳಸದಂತೆ ಹೇಳಿ. ಮಾರಿಯೋದಲ್ಲಿ ಎ ಹಿಡಿದಷ್ಟು ಹೊತ್ತೂ ಜಿಗಿತ ಎತ್ತರವಾಗುತ್ತದೆ, ಟರ್ಬೋ ಅದನ್ನು ತುಂಡರಿಸಿ ಪುಟ್ಟ ಪುಟ್ಟ ನೆಗೆತ ಮಾಡಿಸುತ್ತದೆ. ಗೇಮ್ ಓವರ್ ಆದ ಮೇಲೆ ಟೈಟಲ್ ಬಂದಾಗ ಎ ಹಿಡಿದುಕೊಂಡೇ ಸ್ಟಾರ್ಟ್ ಒತ್ತಿದರೆ ಸತ್ತ ವರ್ಲ್ಡಿನ ಮೊದಲ ಹಂತದಿಂದ ಶುರುವಾಗುತ್ತದೆ. ರೀಸೆಟ್ ಒತ್ತಿದರೆ ಈ ಬಗೆಯ ಕ್ಯಾಸೆಟ್ಟು ಮೆನುಗೆ ಹೋಗಿಬಿಡುತ್ತದೆ, ಅದನ್ನು ಮುಟ್ಟಬೇಡಿ.

ಹಿನ್ನೆಲೆ ಸಂಗೀತ ಫೋನಿನಲ್ಲಿ ಕೇಳಿದ್ದಕ್ಕಿಂತ ನಿಧಾನ ಅನ್ನಿಸಿದರೆ ನಿಮ್ಮ ಕಿವಿ ಸರಿಯಾಗಿಯೇ ಇದೆ. ಜಪಾನಿನ ಟಿವಿ ಸೆಕೆಂಡಿಗೆ 60 ಚಿತ್ರದ್ದು, ನಮ್ಮ ಪಾಲ್ 50ರದ್ದು. ಆಟವೂ ಸಂಗೀತವೂ ಚಿತ್ರಗಳನ್ನು ಎಣಿಸಿ ನಡೆಯುವುದರಿಂದ, ಪಾಲ್‌ಗೆ ಹೊಂದಿಸಿದ ಯಂತ್ರದಲ್ಲಿ ಎಲ್ಲವೂ ಆರರಲ್ಲಿ ಐದು ಪಾಲು ವೇಗ. ಹೊಸಬರಿಗೆ ಅನುಕೂಲವೇ ಆಯಿತು.

ಆಮೇಲೆ ನೀವಿಬ್ಬರೂ ಬ್ಯಾಟಲ್ ಸಿಟಿ ಆಡಿ. ‘ಟ್ಯಾಂಕ್ 1990’ ಎಂದಿದ್ದರೆ ಅದು ಇದರದೇ ತಿದ್ದಿದ ರೂಪ. ನಾಮ್ಕೊ ಕಂಪನಿ 1985ರಲ್ಲಿ ತಂದ ಇದರಲ್ಲಿ ಇಬ್ಬರೂ ಸೇರಿ ಒಂದು ಹದ್ದನ್ನು ಕಾಯಬೇಕು. ಒಬ್ಬರಿಗೊಬ್ಬರು ಗುಂಡು ಹೊಡೆದರೆ ಹೊಡೆಸಿಕೊಂಡವರು ಕೆಲಕ್ಷಣ ಅಲ್ಲಾಡುವಂತಿಲ್ಲ, ಜಗಳ ಗ್ಯಾರಂಟಿ. ಮುಖ್ಯ ಮೆನುವಿನಲ್ಲಿ ಕನ್ಸ್ಟ್ರಕ್ಷನ್ ಎಂದಿದೆಯೇ ನೋಡಿ. ಇಟ್ಟಿಗೆ, ಉಕ್ಕು, ನೀರು ಜೋಡಿಸಿ ಮಗಳು ತನ್ನದೇ ಮೈದಾನ ಕಟ್ಟಬಹುದು. ಇಂದು ಮಕ್ಕಳು ರೋಬ್ಲಾಕ್ಸ್‌ನಲ್ಲಿ ಮಾಡುವ ಕೆಲಸದ ಬೀಜ ಇದು. ಎಕ್ಸೈಟ್‌ಬೈಕ್‌ನಲ್ಲೂ ಡಿಸೈನ್ ಇದೆ, ಆದರೆ ಸೇವ್ ಒತ್ತಿದರೆ ಉಳಿಯುವುದಿಲ್ಲ: ಅದು ಜಪಾನಿನಲ್ಲಿ ಮಾತ್ರ ಮಾರಿದ ಟೇಪ್ ರೆಕಾರ್ಡರಿಗೆಂದು ಮಾಡಿದ ಸೌಲಭ್ಯ.

ನಿಮ್ಮ ಕ್ಯಾಸೆಟ್ಟಿನಲ್ಲಿ ಟೆಟ್ರಿಸ್ ಇದ್ದು, ಕೆಳಗಿನ ಬಟನ್ ಒತ್ತಿದರೆ ತುಂಡು ತಿರುಗಿ, ಎ ಒತ್ತಿದರೆ ಧೊಪ್ಪನೆ ಬಿದ್ದರೆ ಜಾಯ್‌ಸ್ಟಿಕ್ ಕೆಟ್ಟಿದೆ ಎಂದುಕೊಳ್ಳಬೇಡಿ. 1988ರ ಜಪಾನಿ ಆವೃತ್ತಿಯೇ ಹಾಗೆ. 1984ರಲ್ಲಿ ಮಾಸ್ಕೋದ ವಿಜ್ಞಾನ ಅಕಾಡೆಮಿಯ ಕಂಪ್ಯೂಟರ್ ಕೇಂದ್ರದಲ್ಲಿ ಅಲೆಕ್ಸೇಯ್ ಪಜಿತ್ನೋವ್ ಬರೆದ ಆಟ ಇದು. ಅವರಿಗೆ ಅದರ ರಾಯಲ್ಟಿ ಬರತೊಡಗಿದ್ದು 1996ರಲ್ಲಿ. 1989ರ ನಿಂಟೆಂಡೊ ಆವೃತ್ತಿಯಲ್ಲಿ 29ನೇ ಲೆವೆಲ್ಲಿಗೆ ತುಂಡು 20 ಸಾಲುಗಳನ್ನು ಸೆಕೆಂಡಿನ ಮೂರನೇ ಒಂದು ಭಾಗದಲ್ಲಿ ಇಳಿಯುತ್ತದೆ. ಅದೇ ಕೊನೆ ಎಂದು ಬಹಳ ಕಾಲ ನಂಬಿದ್ದರು. 2023ರ ಡಿಸೆಂಬರಿನಲ್ಲಿ ಅಮೆರಿಕದ 13 ವರ್ಷದ ಹುಡುಗನೊಬ್ಬ 157ನೇ ಲೆವೆಲ್ಲಿಗೆ ಮುಟ್ಟಿಸಿದಾಗ ಆಟವೇ ಕೈಚೆಲ್ಲಿ ನಿಂತಿತು. ರೋಡ್ ಫೈಟರ್, ಗ್ಯಾಲಕ್ಸಿಯನ್ ಮೋಜಿಗೆ ಸರಿ. ಐಸ್ ಕ್ಲೈಂಬರ್ ಆಡಿಸಲೇಬೇಕೆಂದಿಲ್ಲ. ಅಡ್ಡಕ್ಕೆ ಜಿಗಿಯುವುದೇ ಆಗದ ಆ ಆಟ ನಮ್ಮ ನೆನಪಿನಲ್ಲಿ ಇರುವುದಕ್ಕೆ ಪಟ್ಟಿಯಲ್ಲಿ ಮೇಲೆ ಇದ್ದದ್ದೇ ಕಾರಣ.

ಗನ್ ವಿಷಯ. ಗನ್ ಗುಂಡು ಹೊಡೆಯುವುದಿಲ್ಲ, ನೋಡುತ್ತದೆ. ಅದರ ನಳಿಕೆಯಲ್ಲಿ ಬೆಳಕು ಗುರುತಿಸುವ ಪುಟ್ಟ ಕಣ್ಣಿದೆ. ಟ್ರಿಗರ್ ಒತ್ತಿದ ಕೂಡಲೇ ಡಕ್ ಹಂಟ್ ಒಂದು ಫ್ರೇಮ್ ಪರದೆಯನ್ನು ಪೂರ್ತಿ ಕಪ್ಪಾಗಿಸಿ, ಮುಂದಿನ ಫ್ರೇಮಿನಲ್ಲಿ ಬಾತುಕೋಳಿಯ ಜಾಗದಲ್ಲಿ ಬಿಳಿ ಚೌಕ ತೋರಿಸುತ್ತದೆ. ಮೊದಲು ಕತ್ತಲು, ಆಮೇಲೆ ಬೆಳಕು ಕಂಡರೆ ಗುರಿ ಸರಿ. ಎರಡು ಬಾತು ಇದ್ದರೆ ಚೌಕಗಳು ಒಂದಾದ ಮೇಲೊಂದು ಬರುತ್ತವೆ, ಯಾವುದು ಸತ್ತಿತೆಂದು ಅದರಿಂದ ತಿಳಿಯುತ್ತದೆ. ಕತ್ತಲೆಯ ಪರೀಕ್ಷೆ ಇರುವುದರಿಂದಲೇ ಬಲ್ಬಿಗೆ ಗುರಿಯಿಟ್ಟು ಮೋಸ ಮಾಡಲಾಗದು. ಎಲ್‌ಇಡಿ ಟಿವಿ ಚಿತ್ರವನ್ನು ಸಂಸ್ಕರಿಸಿ ತೋರಿಸುವಷ್ಟರಲ್ಲಿ ಆಟ ಕಣ್ಣಿನ ಉತ್ತರ ಕೇಳಿ ಮುಗಿಸಿರುತ್ತದೆ. ಗೇಮ್ ಮೋಡಿನ ವೇಗವೂ ಸಾಲದು. ಮೇಲಾಗಿ ಮೂಲ ಗನ್ನಿನ ಕಣ್ಣು ಹಳೆಯ ಪಿಕ್ಚರ್ ಟ್ಯೂಬ್ ಸೆಕೆಂಡಿಗೆ ಸುಮಾರು 15,000 ಸಲ ಎಳೆಯುವ ಗೆರೆಗಳ ಮಿಣುಕನ್ನೇ ಹುಡುಕುತ್ತದೆ.

ಬೇಕೇಬೇಕೆಂದರೆ ಎವಿ ಸಾಕೆಟ್ ಇರುವ 14 ಇಂಚಿನ ಟ್ಯೂಬ್ ಟಿವಿಯನ್ನು ಬಡಾವಣೆಯ ಹಳೆ ರಿಪೇರಿ ಅಂಗಡಿಗಳಲ್ಲಿ ವಿಚಾರಿಸಿ. ಆನ್ ಮಾಡಿಸಿ, ಮೂಲೆಗಳಲ್ಲಿ ಬಣ್ಣದ ಕಲೆ ಇಲ್ಲವೆಂದು ನೋಡಿಯೇ ತನ್ನಿ. ಬ್ರೈಟ್‌ನೆಸ್ ಹೆಚ್ಚಿಸಿ, ಒಂದೆರಡು ಮೀಟರ್ ದೂರದಿಂದ ಹೊಡೆಯಿರಿ. ಅದರ ಹಿಂಬದಿ ಮಾತ್ರ ನೀವು ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಟ್ಯೂಬಿನಲ್ಲಿ ಸಾವಿರಾರು ವೋಲ್ಟ್ ಉಳಿದಿರುತ್ತದೆ.

ಜರಡಿಯ ಮೇಲೆ ನಿಂತವು ಯಾವುವು? 1986ರ ಲೆಜೆಂಡ್ ಆಫ್ ಜೆಲ್ಡಾ: ಆಡಿದ್ದನ್ನು ಉಳಿಸಿಟ್ಟು ನಾಳೆ ಮುಂದುವರಿಸುವ, ದಾರಿಯನ್ನು ತಾನೇ ಹುಡುಕಬೇಕಾದ ಆಟ. ಕ್ಯಾಸೆಟ್ ರೂಪದಲ್ಲಿ 128 ಕಿಲೋಬೈಟ್, ಜೊತೆಗೆ ಬ್ಯಾಟರಿ. ಅದೇ ವರ್ಷದ ಡ್ರ್ಯಾಗನ್ ಕ್ವೆಸ್ಟ್: 64 ಕಿಲೋಬೈಟ್, ಪುಟಗಟ್ಟಲೆ ಜಪಾನಿ ಮಾತು. ಮಾರಿಯೋ ಮೂರನೆಯದು 384 ಕಿಲೋಬೈಟ್. ಕಥೆ, ಅನ್ವೇಷಣೆ, ಪಾತ್ರ ಬೆಳೆಸುವುದು ಎಂಬ ಅರ್ಧ ಚರಿತ್ರೆ ಈ ಬಗೆಯ ಕ್ಯಾಸೆಟ್ಟಿನಿಂದ ಹೊರಗೇ ಉಳಿಯಿತು. ಕೊನಾಮಿ ಕಂಪನಿಯ ಗುಂಡಿನ ಆಟ ಕಾಂಟ್ರಾ ಕೂಡ 128 ಕಿಲೋಬೈಟ್, ಹಾಗಾಗಿ ಈ ಲಕ್ಷಗಟ್ಟಲೆ ಆಟದ ಕ್ಯಾಸೆಟ್ಟಿನಲ್ಲಿ ಅದನ್ನು ಹುಡುಕುವುದು ವ್ಯರ್ಥ. ಆದರೆ ಬಿಡಿ ಕ್ಯಾಸೆಟ್ಟಾಗಿ, ‘4 ಇನ್ 1’ಗಳಲ್ಲಿ ಬಂದಿತ್ತು. ಸಿಕ್ಕರೆ ಬಿಡಬೇಡಿ: ಟೈಟಲ್ ಬಂದಾಗ ಮೇಲೆ, ಮೇಲೆ, ಕೆಳಗೆ, ಕೆಳಗೆ, ಎಡ, ಬಲ, ಎಡ, ಬಲ, ಬಿ, ಎ, ಆಮೇಲೆ ಸ್ಟಾರ್ಟ್ ಒತ್ತಿದರೆ 30 ಪ್ರಾಣ. ಇಬ್ಬರಾದರೆ ಸ್ಟಾರ್ಟ್‌ಗೆ ಮುಂಚೆ ಸೆಲೆಕ್ಟ್. ಅದೇ ಕೊನಾಮಿಯ ಕಜುಹಿಸ ಹಶಿಮೊಟೊ 1986ರ ಗ್ರಾಡಿಯಸ್ ಆಟವನ್ನು ಪರೀಕ್ಷಿಸುವಾಗ ತಮ್ಮ ಅನುಕೂಲಕ್ಕೆಂದು ಇಟ್ಟುಕೊಂಡು ತೆಗೆಯದೆ ಬಿಟ್ಟ ಸಂಕೇತ ಅದು. ಕೆಲವು ನಕಲಿ ಕ್ಯಾಸೆಟ್ಟುಗಳಲ್ಲಿ 30 ಪ್ರಾಣವನ್ನು ಮೊದಲೇ ಕೂರಿಸಿರುತ್ತಾರೆ, ಆಗ ಸಂಕೇತದ ಗೊಡವೆಯೇ ಇಲ್ಲ.

ಹಳೆಯ ಕ್ಯಾಸೆಟ್ ಕೊಳ್ಳುವಾಗ ಮೇಲಿನ ಚಿತ್ರ ನಂಬಬೇಡಿ, ಅಂಗಡಿಯಲ್ಲೇ ಹಾಕಿಸಿ ನೋಡಿ. ‘ಇನ್ 1’ರ ಹಿಂದಿನ ಸಂಖ್ಯೆ ಚಿಕ್ಕದಿದ್ದಷ್ಟೂ ಒಳಗಿನ ಆಟ ದೊಡ್ಡದಿರುವ ಸಾಧ್ಯತೆ ಹೆಚ್ಚು. ಒಳಗೆ ಬ್ಯಾಟರಿ ಇದ್ದರೆ ಅದು ಇಷ್ಟು ಹೊತ್ತಿಗೆ ಸತ್ತಿರುತ್ತದೆ. ಸಾಮಾನ್ಯವಾಗಿ ಸಿಆರ್ 2032, ಕಾಲು ಬೆಸೆದದ್ದನ್ನೇ ತಂದು ಹಾಕಿಸಿ, ಸೆಲ್ಲಿಗೆ ನೇರವಾಗಿ ಬೆಸುಗೆ ಕಾಯಿಸಬಾರದು.